ಮೂಳೆಯಿಲ್ಲದ ಗುಡ್ಡೆ

ರಂಜಿತ ಬಾಳೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದಾಗಿ ಈಚಲು ಚಾಪೆಯ ಮೇಲೆ ಹರಡುತ್ತಿದ್ದಳು. ಮನೆಗೊಂದು ಎಲೆ. ಕೈ ಎಲೆಯ ಮೇಲಿತ್ತು. ಕಣ್ಣು ಮಾತ್ರ ಮುನಿಕೃಷ್ಣಪ್ಪ ಮಾವನ ಕತ್ತಿಯ ಮೇಲಿತ್ತು.

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಅವತ್ತು ಟೇಕಲ್ ಹತ್ತಿರದ ಅವಳ ಊರಿನಲ್ಲಿ ಬೀದಿಯವರೆಲ್ಲ ಸೇರಿ ಒಂದು ಕುರಿ ತರುತ್ತಾರೆ. ಹೊಂಗೆ ಮರದ ಕೆಳಗೆ ಬಾಡು ಕತ್ತರಿಸಿ, ಎಲೆಗಳ ಮೇಲೆ ಸಮಸಮನಾಗಿ ಗುಡ್ಡೆ ಹಾಕುತ್ತಾರೆ. ಯಾವ ಗುಡ್ಡೆ ಯಾರಿಗೆ? ಅದನ್ನು ಹೇಳಲು ಒಂದು ಮಗು ಬೆನ್ನು ತಿರುಗಿಸಿ ನಿಲ್ಲಬೇಕು. ಮುನಿಕೃಷ್ಣಪ್ಪ ಮಾವ ಒಂದು ಗುಡ್ಡೆಗೆ ಕಡ್ಡಿ ತೋರಿಸಿ "ಇದು ಯಾರ್ದು?" ಎಂದು ಕೇಳುತ್ತಾನೆ. ಮಗು ನೋಡದೆಯೇ ಒಂದು ಮನೆಯ ಹೆಸರು ಹೇಳುತ್ತದೆ. ಅಲ್ಲಿಗೆ ಮುಗಿಯಿತು, ಯಾರೂ ಜಗಳ ಆಡುವಂತಿಲ್ಲ.

ಈ ವರ್ಷ ಆ ಮಗು ರಂಜಿತ. ಮಕ್ಕಳಿಗೆ ಮೋಸ ಗೊತ್ತಿಲ್ಲ ಎಂದು ಊರಿನವರ ನಂಬಿಕೆ. ಪಾಪ, ಅವರಿಗೆ ರಂಜಿತ ಗೊತ್ತಿಲ್ಲ.

ಅವಳಿಗೆ ಬೇಕಾಗಿದ್ದದ್ದು ಸ್ಟೇಕ್. ಬಾಡಿನ ಅಂಗೈ ಅಗಲದ ದಪ್ಪ ತುಂಡನ್ನು ಸಾರಿಗೆ ಹಾಕದೆ, ಇಡಿಯಾಗಿ ಹೆಂಚಿನ ಮೇಲೆ ಬೇಯಿಸುವುದು. ಅವಳ ಅತ್ತೆ ಮಗ ಮುರಳಿಮೋಹನ ಬೆಂಗಳೂರಿನ ಹೋಟೆಲಿನಲ್ಲಿ ಒಮ್ಮೆ ಅದನ್ನು ತಿಂದಿದ್ದ. ಅವನು ಓದುವುದು ಮುಳಬಾಗಿಲಿನ ಹಾಸ್ಟೆಲಿನಲ್ಲಿ. ಅಲ್ಲಿ ಮಕ್ಕಳಿಗೆ ಫೋನ್ ಇಲ್ಲ. ಅದಕ್ಕೇ ಸಂಕ್ರಾಂತಿಗೆ ಮುಂಚೆ ಕಾಗದ ಬರೆದು ಜಂಬ ಕೊಚ್ಚಿಕೊಂಡಿದ್ದ. ಕೊನೆಗೆ, 'ನೀನು ಮುದ್ದೆ ಸಾರು ಬಿಟ್ಟು ಇನ್ನೇನು ಕಂಡಿದ್ದೀಯಾ?' ಎಂದು ಕೇಳಿದ್ದ.

ರಂಜಿತ ಅವತ್ತೇ ಒಂದು ಅಂಚೆ ಕಾರ್ಡು ತಂದು ಅವನ ವಿಳಾಸ ಬರೆದಳು. ಮುಂದೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಮೊದಲು ಸ್ಟೇಕ್ ತಿನ್ನಬೇಕು, ಆಮೇಲೆ ಉತ್ತರ. ಕಾರ್ಡು ಕ್ಯಾಲೆಂಡರಿನ ಹಿಂದೆ ಕಾಯುತ್ತಾ ಕೂತಿತ್ತು.

ಈಗ ಕತ್ತಿ ಕುರಿಯ ತೊಡೆಗೆ ಬಂತು. ರಂಜಿತ ಮೆಲ್ಲಗೆ ಹತ್ತಿರ ಸರಿದಳು.

"ಮಾವ, ಒಂದೇ ಒಂದು ತುಂಡು ದಪ್ಪಗೆ ಬಿಡು ಮಾವ."

"ಯಾಕಮ್ಮಿ, ದಿಂಬು ಮಾಡ್ಕೊಂಡು ಮಲಗ್ತೀಯಾ?"

ಅವಳು ಬಿಡಲಿಲ್ಲ. ನೊಣದ ಹಾಗೆ ಸುತ್ತಿ ಸುತ್ತಿ ಕೇಳಿದಳು. ಕೊನೆಗೆ ಮಾವ ನಗುತ್ತಾ ಒಂದು ದಪ್ಪ ತುಂಡನ್ನು ಹಾಗೇ ಬಿಟ್ಟ. ಅದು ಯಾರ ಪಾಲಿಗೆ ಬರುತ್ತದೋ ಅವರ ಅದೃಷ್ಟ ಎಂದ. ಆ ಎಲೆಯ ತೂಕ ಹೆಚ್ಚಾಯಿತಲ್ಲ? ಅದನ್ನು ಸರಿಮಾಡಲು ಅಲ್ಲಿಂದ ಏನೇನೋ ತೆಗೆದು ಬೇರೆ ಗುಡ್ಡೆಗಳಿಗೆ ಹಾಕಿದ. ಏನು ತೆಗೆದ ಎಂದು ರಂಜಿತ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಆ ತುಂಡನ್ನು ಮಾತ್ರ.

ಅದೃಷ್ಟವನ್ನು ಅವಳು ಬೆಳಿಗ್ಗೆಯೇ ಗೊತ್ತುಮಾಡಿಕೊಂಡಿದ್ದಳು. ಆ ಅದೃಷ್ಟದ ಹೆಸರು ಮುನೇಶ, ಅವಳ ತಮ್ಮ. ಕಡ್ಡಿ ದಪ್ಪ ತುಂಡಿನ ಗುಡ್ಡೆಯ ಮೇಲೆ ಬಂದಾಗ ಅವನು ಎರಡು ಸಲ ಕೆಮ್ಮಬೇಕು. ಅದಕ್ಕೆ ಕೂಲಿಯಾಗಿ ತನ್ನ ಪಾಲಿನ ಒಬ್ಬಟ್ಟನ್ನು ಕೊಟ್ಟಿದ್ದಳು.

ಅವಳು ಬೆನ್ನು ತಿರುಗಿಸಿ ನಿಂತಳು.

"ಇದು ಯಾರ್ದು?"

"ದೊಡ್ಡಮುನಿಯಪ್ಪನೋರ್ದು."

"ಇದು?"

ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ರಂಜಿತ 'ನಮ್ಮನೇದು' ಎನ್ನಲು ಬಾಯಿ ತೆರೆದಳು. ಒಂದೇ ಕೆಮ್ಮು! ಈ ಹೊಟ್ಟೆಬಾಕನಿಗೆ ಒಬ್ಬಟ್ಟು ಗಂಟಲಿಗೆ ಸಿಕ್ಕಿರಬೇಕು. ಉಗುಳು ನುಂಗಿ, "ಆಂಜಿನಮ್ಮನೋರ್ದು" ಎಂದಳು.

ಇನ್ನೂ ಕೆಲವು ಹೆಸರು ಹೋದವು. ಆಮೇಲೆ, ಖೊಕ್ ಖೊಕ್, ಎರಡು ಕೆಮ್ಮು ಬಂತು.

"ನಮ್ಮನೇದು" ಎಂದಳು ರಂಜಿತ, ಏನೂ ಗೊತ್ತಿಲ್ಲದವಳ ಹಾಗೆ.

ಮನೆಗೆ ಬಂದಾಗ ಅಮ್ಮ ಕೊಟ್ಟಿಗೆಯಲ್ಲಿದ್ದಳು. ಅಮ್ಮ ಬರುವಷ್ಟರಲ್ಲಿ ಕೆಲಸ ಮುಗಿಯಬೇಕು. ಫೋನಿನಲ್ಲಿ ಅದೆಷ್ಟೋ ಸಲ ನೋಡಿದ್ದ ವಿಡಿಯೋ ಅವಳಿಗೆ ಬಾಯಿಪಾಠ ಆಗಿತ್ತು. ತುಂಡನ್ನು ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಿದಳು, ಏಕೆಂದರೆ ತೇವ ಇದ್ದರೆ ಅದು ಕೆಂಪಗಾಗದೆ ಬರೀ ಬೇಯುತ್ತದೆ. ಉಪ್ಪು, ಮೆಣಸಿನ ಪುಡಿ ಸವರಿದಳು. ಗ್ಯಾಸ್ ಒಲೆಯ ಮೇಲೆ ರೊಟ್ಟಿಯ ಕಬ್ಬಿಣದ ಹೆಂಚು ಇಟ್ಟಳು. ಚಿಮುಕಿಸಿದ ನೀರು ಹೆಂಚಿನ ಮೇಲೆ ಗೋಲಿಯ ಹಾಗೆ ಓಡಾಡಿದಾಗ ಎಣ್ಣೆ ಬಿಟ್ಟು ತುಂಡನ್ನು ಹಾಕಿದಳು.

ಚುಂಯ್ ಎಂದಿತು. ಅಡುಗೆಮನೆ ತುಂಬಾ ಹೊಗೆ. ಮುನೇಶ ಈಗ ನಿಜವಾಗಿಯೇ ಕೆಮ್ಮಿದ. ರಂಜಿತಳಿಗೆ ಗಾಬರಿಯಾಯಿತು. ಅಂಟಿಕೊಂಡಿತೆಂದು ಸೌಟಿನಿಂದ ಕೀಳಲು ಹೋದಳು.

ಬಾಗಿಲಲ್ಲಿ ಕೂತಿದ್ದ ರಾಮಲಕ್ಷ್ಮಮ್ಮಜ್ಜಿ ಅಲ್ಲಿಂದಲೇ ಹೇಳಿದಳು: "ಕೀಳ್ಬೇಡ ಕಣಮ್ಮಿ. ರೊಟ್ಟಿ ಇದ್ದಂಗೆ ಅದು. ಬೆಂದ್ಮೇಲೆ ತಾನೇ ಬಿಡ್ತದೆ."

ವಿಡಿಯೋದವನು ಹೇಳಿದ್ದೂ ಅದೇ. ರಂಜಿತ ಕೈಕಟ್ಟಿ ನಿಂತಳು. ಸ್ವಲ್ಪ ಹೊತ್ತಿಗೆ ತುಂಡು ತಾನಾಗಿ ಹೆಂಚು ಬಿಟ್ಟಿತು. ತಿರುವಿದರೆ ಒಳ್ಳೆ ಬೆಲ್ಲದ ಬಣ್ಣ. ಉರಿ ಇಳಿಸಿ, ತುಪ್ಪ ಮತ್ತು ಜಜ್ಜಿದ ಬೆಳ್ಳುಳ್ಳಿ ಹಾಕಿ, ಆ ತುಪ್ಪವನ್ನೇ ಚಮಚದಲ್ಲಿ ಮೇಲೆ ಮೇಲೆ ಹೊಯ್ದಳು. ಒಳಗೂ ಬೆಂದಿತು ಎನ್ನಿಸಿದಾಗ ತೆಗೆದು ತಟ್ಟೆ ಮುಚ್ಚಿದಳು. ತಕ್ಷಣ ಕುಯ್ದರೆ ರಸವೆಲ್ಲ ಹರಿದುಹೋಗುತ್ತದಂತೆ. ಸ್ಟೇಕ್ ಕೂಡ ಸುಧಾರಿಸಿಕೊಳ್ಳಬೇಕಂತೆ.

ಆಗ ಅಮ್ಮ ಒಳಗೆ ಬಂದಳು. ಒಂದು ಒಲೆಯ ಮೇಲೆ ಮುದ್ದೆಗೆ ನೀರಿಟ್ಟು, ಇನ್ನೊಂದರ ಮೇಲೆ ಸಾರಿನ ಪಾತ್ರೆ ಇಟ್ಟು, ಬಾಡಿನ ಎಲೆ ಬಿಡಿಸಿದಳು. ಅದರಲ್ಲಿ ಇದ್ದದ್ದು ನಾಲ್ಕಾರು ಚೂರು.

"ಮೂಳೆ ಎಲ್ಲೇ? ಲಿವರ್ ಎಲ್ಲೇ? ಸಾರು ಏತರಲ್ಲಿ ಮಾಡ್ಲಿ?"

ರಂಜಿತ ಮುಚ್ಚಿದ ತಟ್ಟೆಯನ್ನು ತೆಗೆದು ತೋರಿಸಿದಳು. ಅಮ್ಮ ಸ್ಟೇಕನ್ನು ನೋಡಿದಳು, ಮಗಳನ್ನು ನೋಡಿದಳು, ಖಾಲಿ ಪಾತ್ರೆಯನ್ನು ನೋಡಿದಳು. ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಮುದ್ದೆ ತಿರುವಲು ನಿಂತಳು. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರೂ ಊಟಕ್ಕೆ ಕೂತರು. ಸ್ಟೇಕ್ ನಿಜವಾಗಿ ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಮುದ್ದೆ? ಅದನ್ನು ಅಗಿಯುವಂತಿಲ್ಲ, ನುಂಗಬೇಕು. ನುಂಗಲು ಸಾರು ಬೇಕು. ಅಪ್ಪ ಮುದ್ದೆಯ ತುತ್ತನ್ನು ಸ್ಟೇಕಿನ ಮೇಲೆ ಒರೆಸಿ, ಬಾಯಿಗಿಟ್ಟು, ಮೇಲೆ ನೀರು ಕುಡಿದ. ಮುನೇಶ ಒಂದು ತುತ್ತು ನುಂಗಲು ಕತ್ತನ್ನು ಕೊಕ್ಕರೆಯ ಹಾಗೆ ಉದ್ದ ಮಾಡಿದ.

ಅಜ್ಜಿ ಒಂದು ತುಂಡನ್ನು ಈ ದವಡೆಯಿಂದ ಆ ದವಡೆಗೆ ಓಡಾಡಿಸುತ್ತಿದ್ದಳು. ಅವಳಿಗೆ ಉಳಿದಿರುವುದು ಮುಂದಿನ ಎರಡು ಹಲ್ಲು.

"ಹೆಂಗಿದೆ ಅಜ್ಜಿ?"

"ಚೆನ್ನಾಗಿದೆ ಕಣಮ್ಮಿ."

ಸ್ವಲ್ಪ ಹೊತ್ತಿಗೆ ಅಜ್ಜಿಯ ತಟ್ಟೆಯ ಅಂಚಿನ ಕೆಳಗೆ ಆ ತುಂಡು ರಂಜಿತಳ ಕಣ್ಣಿಗೆ ಬಿತ್ತು. ಅಗಿದು ಅಗಿದು ಸಾಕಾಗಿ, ಯಾರಿಗೂ ಕಾಣದಂತೆ ಬಚ್ಚಿಟ್ಟಿದ್ದಳು.

ಆಗಲೇ ರಂಜಿತಳಿಗೆ ನೆನಪಾಯಿತು. ಪ್ರತಿ ವರ್ಷತೊಡಕಿಗೂ ಅಜ್ಜಿ ನಲ್ಲಿಮೂಳೆಯನ್ನು ತಟ್ಟೆಗೆ ಟಕ್ ಟಕ್ ಎಂದು ಕುಟ್ಟಿ, ಒಳಗಿನ ಮೆತ್ತನೆಯದನ್ನು ಸುರ್ ಎಂದು ಹೀರುತ್ತಾಳೆ. ಹಲ್ಲಿಲ್ಲದವರಿಗೆ ಆ ಹಬ್ಬದಲ್ಲಿ ಇರುವುದು ಅದೊಂದೇ. ಎಲ್ಲ ಗುಡ್ಡೆಯಲ್ಲೂ ಒಂದೊಂದು ನಲ್ಲಿಮೂಳೆ ಇತ್ತು. ಅವಳು ಆರಿಸಿದ ಗುಡ್ಡೆಯಲ್ಲಿ ಮಾತ್ರ ಇರಲಿಲ್ಲ.

ಅವಳ ಬಾಯಲ್ಲಿದ್ದ ಸ್ಟೇಕ್ ಯಾಕೋ ಅಗಿದಷ್ಟೂ ಮುಗಿಯಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಆಂಜಿನಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಆವಿಯಾಡುವ ಬಟ್ಟಲು. "ಬೀದಿ ಪೂರಾ ಸಾರು ಕುದೀತೈತೆ, ನಿಮ್ಮನೇಲಿ ವಾಸನೇನೇ ಇಲ್ವಲ್ಲ ಅಂತ ಬಂದೆ" ಎಂದಳು. ಕೆಂಪು ಸಾರಿನ ನಡುವೆ ಒಂದು ನಲ್ಲಿಮೂಳೆ ತಲೆ ಎತ್ತಿಕೊಂಡು ಕೂತಿತ್ತು.

ಅಜ್ಜಿ ತಟ್ಟೆಗೆ ಕುಟ್ಟಿದಳು. ಟಕ್ ಟಕ್.

ಬಂದ ಬಟ್ಟಲನ್ನು ಖಾಲಿ ಕಳಿಸಬಾರದು. ರಂಜಿತ ಉಳಿದ ಸ್ಟೇಕನ್ನು ಅಜ್ಜಿಯೂ ತಿನ್ನಬಹುದಾದಷ್ಟು ತೆಳ್ಳಗೆ ಕುಯ್ದಳು. ಅರ್ಧ ಮನೆಯಲ್ಲಿಟ್ಟು, ಅರ್ಧವನ್ನು ಬಟ್ಟಲಿಗೆ ಹಾಕಿಕೊಂಡು ಹೊರಟಳು. ಮುನೇಶ ಹಿಂದೆಯೇ ಬಂದ.

ಹೊಂಗೆ ಮರದ ಕೆಳಗೆ ಮುನಿಕೃಷ್ಣಪ್ಪ ಮಾವ ಕತ್ತಿ ತೊಳೆಯುತ್ತಿದ್ದ. ತಲೆ ಎತ್ತದೆಯೇ, "ಏನ್ಲಾ ಮುನೇಶ, ಕೆಮ್ಮು ವಾಸಿ ಆಯ್ತಾ?" ಎಂದ.

ಮುನೇಶ ಅಕ್ಕನ ಹಿಂದೆ ಸೇರಿಕೊಂಡ. ರಂಜಿತ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆದಳು.

"ಮಾವ, ಮುಂದಿನ ವರ್ಷ ಹೆಸರು ಹೇಳಕ್ಕೆ ಬೇರೆ ಯಾರನ್ನಾದ್ರೂ ನಿಲ್ಸು."

"ಊಹೂಂ. ನೀನೇ ನಿಲ್ಬೇಕು" ಎಂದ ಮಾವ. "ಕಿವೀಗೆ ಹತ್ತಿ ಇಟ್ಕೊಂಡು."

ಮನೆಗೆ ಬಂದು ರಂಜಿತ ಕ್ಯಾಲೆಂಡರಿನ ಹಿಂದಿನ ಕಾರ್ಡು ತೆಗೆದಳು. ಬರೆಯಬೇಕೆಂದುಕೊಂಡಿದ್ದ ಜಂಬದ ಮಾತುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು. ಆದರೆ ಪೆನ್ನು ಬರೆದದ್ದು ಇಷ್ಟೇ:

'ಮುರಳಿ, ನಾನೇ ಸ್ಟೇಕ್ ಮಾಡಿದೆ. ನಿಜವಾಗಲೂ ಚೆನ್ನಾಗಿತ್ತು. ಆದರೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ವರ್ಷತೊಡಕಿಗೆ ನೀನು ಬಾ. ನಲ್ಲಿಮೂಳೆ ಮಾತ್ರ ಕೇಳಬೇಡ, ಅದು ಅಜ್ಜೀದು.'

ಮಾರನೆಯ ದಿನ ಅಕ್ಕ ತಮ್ಮ ಟೇಕಲ್ಲಿನ ಕೆಂಪು ಡಬ್ಬದ ಮುಂದೆ ನಿಂತರು. ರಂಜಿತ ಕಾರ್ಡನ್ನು ಡಬ್ಬದ ಬಾಯಿಗೆ ಅರ್ಧ ತೂರಿಸಿ ಹಿಡಿದಿದ್ದಳು. ಮುನೇಶ ಒಂದು ಕಡ್ಡಿ ಎತ್ತಿಕೊಂಡು ಕಾರ್ಡಿಗೆ ತೋರಿಸಿದ.

"ಇದು ಯಾರ್ದು?" ಎಂದು ಕೇಳಿ, ಎರಡು ಸಲ ಕೆಮ್ಮಿದ.

ರಂಜಿತ ಡಬ್ಬಕ್ಕೆ ಬೆನ್ನು ತಿರುಗಿಸಿದಳು. ಖಾಲಿ ಇದ್ದ ಕೈಯಿಂದ ಒಂದು ಕಿವಿ ಮುಚ್ಚಿಕೊಂಡಳು.

"ಮುರಳೀದು" ಎಂದು, ನೋಡದೆಯೇ, ಕಾರ್ಡನ್ನು ಬಿಟ್ಟಳು.