ಇಸೊಬೆಯ ಯೀಸ್ಟ್ ಸತ್ತ ಬೆಳಗು

"ಹನಾಬುಸಾಸಾನ್, ಒಂದು ಕೊಲೆಯಾಗಿದೆ. ಪೊಲೀಸರ ಹತ್ರ ಹೋದ್ರೆ ನಗ್ತಾರೆ."

ಬಾಗಿಲಲ್ಲಿ ನಿಂತಿದ್ದವಳು ಕೆಳಗಿನ ಕೋಣೆಯ ಇಸೊಬೆ ಕಾಜುಯೆ. ಸೈಜೊ ಊರಿನ ಆ ಬಾಡಿಗೆ ಮನೆಯಲ್ಲಿ ಅವಳು ವರ್ಷಗಳಿಂದ ಇದ್ದರೂ, ಶೂಜಿ ಅವಳ ದನಿಯನ್ನು ಸರಿಯಾಗಿ ಕೇಳಿದ್ದು ಅಂದೇ. ಅಂಚೆ ಕಚೇರಿಯಿಂದ ನಿವೃತ್ತನಾಗಿದ್ದ ಶೂಜಿ, ಪೊಲೀಸ್ ಪ್ರಯೋಗಾಲಯದಿಂದ ನಿವೃತ್ತರಾಗಿದ್ದ ಹನಾಬುಸಾ ಅವರ ಜೊತೆ ದಿನವೂ ಬೆಳಿಗ್ಗೆ ಚಹಾ ಕುಡಿಯುತ್ತಿದ್ದ. ಇಬ್ಬರಿಗೂ ಮಾತಿಗಿಂತ ಮೌನವೇ ರೂಢಿ.

"ಸತ್ತವರು ಯಾರಮ್ಮಾ?" ಹನಾಬುಸಾ ಕೇಳಿದರು.

"ನನ್ನ ಯೀಸ್ಟ್."

ಅವಳ ಕಣ್ಣು ನೋಡಿ ಶೂಜಿಗೆ ನಗು ಬರಲಿಲ್ಲ. ಸಂಶೋಧಕಿಯಾಗಿದ್ದ ಅವಳು ವಿವರಿಸಿದಳು.

"ಕೆಲವು ಔಷಧಿಗಳು ಗ್ಲೈಕೊಪ್ರೋಟೀನ್‌ಗಳು. ಅಂದ್ರೆ ಸಕ್ಕರೆಯ ಸರಪಳಿ ಹೊತ್ತ ಪ್ರೋಟೀನ್. ಯೀಸ್ಟ್ ತನ್ನದೇ ಥರದ ಸರಪಳಿ ಪೋಣಿಸತ್ತೆ, ನಮ್ಮ ಮೈಗೆ ಅದು ಒಗ್ಗಲ್ಲ. ನಾನು ಅದರ ಜೀನ್ ತೆಗೆದು, ಮನುಷ್ಯರ ಸರಪಳಿ ಪೋಣಿಸೋ ಹಾಗೆ ಮಾಡಿದ್ದೆ. ಅದ್ರಿಂದ, ಪಾಪ, ಅವುಗಳ ಜೀವಕೋಶದ ಗೋಡೆ ದುರ್ಬಲವಾಯ್ತು. ಗಟ್ಟಿ ಸಿಹಿ ದ್ರಾವಣದಲ್ಲಿ ಮಾತ್ರ ಬದುಕ್ತವೆ, ಬರೀ ನೀರು ಸೇರಿದ್ರೆ ಉಬ್ಬಿ ಒಡೀತವೆ. ಬೆಳಿಗ್ಗೆ ನೋಡಿದ್ರೆ ಫ್ಲಾಸ್ಕಿನಲ್ಲಿದ್ದವೆಲ್ಲ ಸತ್ತಿದ್ವು. ಅದೇ ಯೀಸ್ಟ್ ತುಂಬಿ ಫ್ರೀಜರಿನಲ್ಲಿಟ್ಟ ಟ್ಯೂಬ್‌ಗಳೂ ಕಾಣ್ತಿಲ್ಲ. ನಾಳೆ ಸಪ್ಪೊರೊದ ಸಂಶೋಧನಾ ಸಂಸ್ಥೆಯವರು ಬರ್ತಾರೆ. ಅವರಿಗೆ ತೋರಿಸಿದ್ರೆ ಅಲ್ಲಿ ನನಗೇ ಒಂದು ಪ್ರಯೋಗಾಲಯ. ಇಲ್ದಿದ್ರೆ ನಾನು ಇಲ್ಲೇ ಉಳೀಬೇಕು."

ಮೂವರೂ ಅವಳ ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿ ಇದ್ದವರು ಇಬ್ಬರೇ: ಅವಳ ಸಹೋದ್ಯೋಗಿ ನಿತ್ತಾ, ಅವನಿಗೂ ಇಸೊಬೆಗೂ ಗುರುವಾಗಿದ್ದ ಮುಕೊಯಾಮಾ. ಬೀಗದ ಕೈ ಇದ್ದದ್ದೂ ಇಸೊಬೆ ಮತ್ತು ಈ ಇಬ್ಬರ ಬಳಿ ಮಾತ್ರ.

"ಯೀಸ್ಟಿಗೂ ಪತ್ತೇದಾರರಾ? ಹಾಗಾದ್ರೆ ಬ್ರೆಡ್ ತಿಂದವರನ್ನೆಲ್ಲ ಹಿಡೀಬೇಕಾಗತ್ತೆ!" ಎಂದು ನಿತ್ತಾ ನಕ್ಕ. ಇಸೊಬೆ ಸೋತರೆ ಸಪ್ಪೊರೊದ ಆ ಜಾಗ ಅವನದಾಗುತ್ತಿತ್ತು.

ಹನಾಬುಸಾ ಯೀಸ್ಟಿದ್ದ ಗಾಜಿನ ಫ್ಲಾಸ್ಕನ್ನು ಬೆಳಕಿಗೆ ಹಿಡಿದರು. ಸಂಜೆ ಇಸೊಬೆ ಗುರುತು ಮಾಡಿದ್ದ ಗೆರೆಗಿಂತ ದ್ರವ ಬಹಳ ಮೇಲಿತ್ತು. ಅಲ್ಲಾಡಿಸಿದಾಗ ಲೋಳೆಯ ಎಳೆಗಳು ತೇಲಿದವು. ಫ್ಲಾಸ್ಕಿನ ಕುತ್ತಿಗೆಗೆ ಅಂಟಿಸಿದ್ದ ಕಾಗದದ ಪಟ್ಟಿಯ ಅಂಚು ಕಂದು ಬಣ್ಣಕ್ಕೆ ತಿರುಗಿತ್ತು.

"ಈ ಪಟ್ಟಿ ಯಾವಾಗ ಅಂಟಿಸಿದ್ದು?"

"ನಿನ್ನೆ ಹೊರಡುವಾಗ. ಆಮೇಲೆ ನಾನು ಮುಟ್ಟಿಲ್ಲ."

"ನಿತ್ತಾಸಾನ್, ಈ ಗ್ಯಾಸ್ ಬರ್ನರ್ ಸ್ವಲ್ಪ ಹಚ್ತೀರಾ?"

"ನಂಗೆ ಅದರ ಸಹವಾಸವೇ ಇಲ್ಲ. ನಾನೂ ಇಸೊಬೆಸಾನೂ ಆ ಸೋಸಿದ ಗಾಳಿಯ ಪೆಟ್ಟಿಗೆಯೊಳಗೇ ಕೆಲಸ ಮಾಡೋದು. ಬೆಂಕಿ ನಮ್ಮ ಗುರುಗಳ ಕಾಲದ್ದು."

ಮೂಲೆಯ ಮೇಜಿನ ಮೇಲೆ ಎರಡು ಊಟದ ಡಬ್ಬಿಗಳಿದ್ದವು. ಶೂಜಿ ನೋಡುತ್ತಿರುವುದನ್ನು ಕಂಡು ಮುಕೊಯಾಮಾ, "ಹೆಂಡತಿ ತೀರ್ಕೊಂಡ ಮೇಲೆ ಕಾಜುಯೆ ಜೊತೇಲೇ ಊಟ. ಅವಳಿಗೂ ಕಟ್ಕೊಂಡು ಬರ್ತೀನಿ," ಎಂದರು. ಒಂಟಿ ಊಟ ಎಂದರೇನೆಂದು ಶೂಜಿಗೆ ಯಾರೂ ಹೇಳಬೇಕಿರಲಿಲ್ಲ.

ಹನಾಬುಸಾ ಎಲ್ಲರನ್ನೂ ಆ ಮೇಜಿನ ಸುತ್ತ ಕೂರಿಸಿದರು.

"ಈ ಎಳೆಗಳು ಒಡೆದ ಜೀವಕೋಶಗಳದ್ದು. ದ್ರವ ಹೆಚ್ಚಾಗಿದೆ, ವಾಸನೆ ಇಲ್ಲ. ಹಾಗಾಗಿ ವಿಷ ಅಲ್ಲ, ನೀರು. ಹೊರಗಿನವನಾದ್ರೆ ಬ್ಲೀಚ್ ಸುರೀತಿದ್ದ. ನೀರು ಸಾಕು ಅಂತ ಗೊತ್ತಿದ್ದವರು ಇಲ್ಲಿರೋರು ಮಾತ್ರ. ಆದ್ರೆ ಸುರಿಯೋ ಮೊದಲು ಆ ಕೈ ಫ್ಲಾಸ್ಕಿನ ಬಾಯನ್ನ ಬೆಂಕಿಗೆ ಹಿಡಿದಿದೆ. ಪಟ್ಟಿಯ ಅಂಚು ಸುಟ್ಟಿರೋದು ಅದಕ್ಕೇ. ಬೇರೆ ಸೂಕ್ಷ್ಮಜೀವಿ ಒಳಗೆ ಹೋಗಬಾರದು ಅಂತ! ಕೊಲ್ಲೋಕೆ ಬಂದವನಿಗೆ ಸೋಂಕಿನ ಚಿಂತೆ ಯಾಕೆ? ಚಿಂತೆ ಅಲ್ಲ, ಜೀವಮಾನದ ರೂಢಿ. ಬೆಂಕಿ ತೋರಿಸದೆ ಮುಚ್ಚಳ ತೆಗೆಯೋಕೆ ಆ ಕೈಗೆ ಬರಲ್ಲ. ಅಲ್ವಾ, ಗುರುಗಳೇ?"

ನಿತ್ತಾ ಮೊದಲ ಸಲ ತಲೆ ತಗ್ಗಿಸಿದ.

"ಸಪ್ಪೊರೊ ತುಂಬಾ ದೂರ," ಎಂದರು ಮುಕೊಯಾಮಾ. ಅಷ್ಟೇ.

"ಟ್ಯೂಬ್‌ಗಳಲ್ಲಿರೋ ಯೀಸ್ಟನ್ನ ನೀವು ಕೊಂದಿಲ್ಲ," ಹನಾಬುಸಾ ಮೆಲ್ಲಗೆ ಹೇಳಿದರು. "ಫ್ಲಾಸ್ಕಿಗೆ ಹಾಕಿದ ಹಾಗೆ ಅದಕ್ಕೂ ನೀರು ಹಾಕಿ ಅಲ್ಲೇ ಬಿಡಬಹುದಿತ್ತು. ಹೊತ್ತುಕೊಂಡು ಹೋಗಿದ್ದೀರಿ. ಎಲ್ಲಿಟ್ಟಿದ್ದೀರಿ?"

ಮುಕೊಯಾಮಾ ಎದ್ದು ತಮ್ಮ ಕೋಣೆಗೆ ಹೋದರು. ಡ್ರೈ ಐಸ್ ತುಂಬಿದ ಪೆಟ್ಟಿಗೆ ತಂದು ಇಸೊಬೆಯ ಮುಂದಿಟ್ಟು, ಕ್ಷಮೆ ಕೋರಿ ಸೊಂಟ ಬಗ್ಗಿಸಿ ನಿಂತವರು ತಲೆ ಎತ್ತಲೇ ಇಲ್ಲ.

ಅವಳು ಟ್ಯೂಬ್‌ಗಳನ್ನು ಒಂದೊಂದಾಗಿ ನೋಡಿದಳು. ಒಂದೂ ಕರಗಿರಲಿಲ್ಲ. ಸಪ್ಪೊರೊದವರಿಗೆ ಫೋನ್ ಮಾಡಿ, ಬೆಳೆಸಲು ಒಂದು ವಾರ ಸಮಯ ಕೇಳಿ ಪಡೆದಳು. ಆಮೇಲೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

"ಗುರುಗಳೇ, ಹೋಗ್ಬೇಡ ಅಂತ ಒಂದು ಸಲ ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು. ಆಗಲೂ ನಾನು ಹೋಗ್ತಿದ್ದೆ. ಆದ್ರೆ ಪ್ರತಿ ಭಾನುವಾರ ಫೋನ್ ಮಾಡ್ತಿದ್ದೆ."