ಖಾಲಿ ಜಾಡಿಯ ಪರಿಮಳ

ಖಾಲಿ ಇರಬೇಕಾದ ಜಾಡಿಯಲ್ಲಿ ಪರಿಮಳ ಸಿಕ್ಕಿತು. ಮಂಗಳವಾರ ಬೆಳಿಗ್ಗೆ, ಯಂತ್ರದ ಪರದೆಯ ಮೇಲೆ, ಸಪಾಟಾಗಿ ಮಲಗಿರಬೇಕಾದ ಗೆರೆಯ ನಡುವೆ ಒಂದು ಮೊನೆ ಬೆರಳೆತ್ತಿದ ಹಾಗೆ ಎದ್ದು ನಿಂತಿತ್ತು.

ಎರಡು ವರ್ಷದಿಂದ ನಮ್ಮ ಕ್ರಮ ಒಂದೇ. ಮೀನು ಹದಿನೈದು ದಿನಕ್ಕೊಮ್ಮೆ ಸಮುದ್ರಕ್ಕೆ ಇಳಿದು, ತಳದ ಬಂಡೆಗೆ ಅಂಟಿಕೊಂಡು ಬೆಳೆಯುವ ಸ್ಪಂಜುಗಳಿಂದ ಹೆಬ್ಬೆರಳಿನಷ್ಟು ತುಂಡು ಕೊಯ್ದು ತರುತ್ತಾನೆ. ಮೀನು ಎಂದರೆ ನಮ್ಮ ಮುಳುಗುಗಾರ. ನೆಲದ ಮೇಲೂ ಕೈ ಬೀಸಿ ಈಜುವವನಂತೆ ನಡೆಯುತ್ತಾನೆಂದು ಲ್ಯಾಬಿನವರು ಇಟ್ಟ ಹೆಸರು. ಹತ್ತು ಜಾಡಿಯಲ್ಲಿ ಹತ್ತು ತುಂಡು, ಹನ್ನೊಂದನೆಯದರಲ್ಲಿ ಬರೀ ಶುದ್ಧ ನೀರು. ಅದನ್ನೇ ನಾವು ಖಾಲಿ ಜಾಡಿ ಅನ್ನುವುದು. ದೋಣಿಯ ಮೇಲೆ ಮೊದಲು ತೆರೆಯುವುದೂ ಅದನ್ನೇ, ಕೊನೆಗೆ ಮುಚ್ಚುವುದೂ ಅದನ್ನೇ. ನಮ್ಮ ಕೈಯಿಂದ, ಬಟ್ಟೆಯಿಂದ ಏನಾದರೂ ಬೆರೆತರೆ ಆ ನೀರು ಚಾಡಿ ಹೇಳಿಬಿಡುತ್ತದೆ.

ಅದಕ್ಕೇ ದೋಣಿ ಹತ್ತುವ ದಿನ ಪರಿಮಳದ ಸೋಪಿಲ್ಲ, ಕ್ರೀಮಿಲ್ಲ, ಸೆಂಟಂತೂ ಇಲ್ಲವೇ ಇಲ್ಲ. ಸೆಂಟಿನೊಳಗಿನ ಕೃತಕ ಕಸ್ತೂರಿ ಬಚ್ಚಲಿನಿಂದ ಚರಂಡಿಗೆ, ಚರಂಡಿಯಿಂದ ಕಡಲಿಗೆ ಹೋಗಿ ಕೊನೆಗೆ ಸ್ಪಂಜಿನ ಮೈಯಲ್ಲಿ ಕೂರುತ್ತದೆ. ನಾನು ಅಳೆಯುವ ವಿಷಗಳಲ್ಲಿ ಅದೂ ಒಂದು. ಪರದೆಯ ಮೇಲೆ ಎದ್ದು ನಿಂತದ್ದು ಅದೇ.

ಅಜ್ಜಿ ಸಂಜೆ ರಾಗವಾಗಿ ಓದುತ್ತಿದ್ದ ಪದ್ಯಗಳಲ್ಲಿ ಇಂಥದ್ದು ಬರುತ್ತಿತ್ತು. ತಡವಾಗಿ ಬಂದ ನಲ್ಲನ ಎದೆಯ ಮೇಲೆ ತನ್ನದಲ್ಲದ ಗಂಧ. ನಾಯಕಿ ಮುಖ ತಿರುಗಿಸುತ್ತಾಳೆ. ಗೋಡೆಗೊರಗಿ ಕೇಳುತ್ತಿದ್ದ ನನಗೆ ಆಗ ನಗು ಬರುತ್ತಿತ್ತು. ಅವಳಿಗಿದ್ದದ್ದು ಮೂಗು ಮಾತ್ರ. ನನ್ನ ಯಂತ್ರ ಲೀಟರಿಗೆ ಎಷ್ಟು ನ್ಯಾನೋಗ್ರಾಂ ಎಂಬುದನ್ನೂ ಹೇಳಿತು.

ನಲ್ಲ ಅನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ ಅನ್ನುವುದು ಬೇರೆ ಮಾತು. ಎರಡು ವರ್ಷದಲ್ಲಿ ಮೀನೂ ನಾನೂ ಆಡಿದ್ದೆಲ್ಲ ಜಾಡಿಯ ಮಾತೇ. “ತಗೊಳ್ಳಿ ಜಾಡಿ ಮೇಡಂ, ಹನ್ನೊಂದು.” “ಎಣಿಸಿ ತಗೋತೀನಿ ಇರಿ.” “ನನ್ನ ಮೇಲೆ ಅಷ್ಟು ಅಪನಂಬಿಕೆನಾ?” ಅಷ್ಟೇ. ಆದರೆ ಆ ‘ಅಷ್ಟೇ’ಗಾಗಿ ನಾನು ಹದಿನೈದು ದಿನ ಕಾಯುತ್ತಿದ್ದೆ.

ಹಳೆಯ ಫೈಲುಗಳನ್ನು ತೆಗೆದೆ. ಖಾಲಿ ಜಾಡಿಯ ಗೆರೆ ಮೊದಲೆಲ್ಲ ನಿಂತ ನೀರಿನಂತಿತ್ತು. ಕಳೆದ ಮೂರು ಸಲದಿಂದ ಮಾತ್ರ ಈ ಮೊನೆ. ಹೊಸ ಮೇಡಂ ದೋಣಿ ಹತ್ತತೊಡಗಿದ್ದೂ ಕಳೆದ ಮೂರು ಸಲದಿಂದಲೇ.

ಹೊಸ ಮೇಡಂ ಬಂದದ್ದು ಸ್ಪಂಜಿನೊಳಗೆ ಸಂಸಾರ ಹೂಡಿರುವ ಸೂಕ್ಷ್ಮಾಣುಗಳನ್ನು ಓದಲು. ಬಂದ ವಾರವೇ ಊಟದ ಮೇಜಿನಲ್ಲಿ ಎಲ್ಲರಿಗೂ ಪಾಠ ಮಾಡಿದ್ದಳು. “ಒಳಗಿರೋರೆಲ್ಲ ಹಳೇ ಮನೆಯೋರು ಕಣ್ರೀ. ತಲೆತಲಾಂತರದಿಂದ ಅಲ್ಲೇ ಇರೋರು. ನೀರು ಕೆಟ್ಟಾಗ ಹೊಸಬ್ರು ನುಗ್ತಾರೆ, ಹಳಬ್ರು ಸದ್ದಿಲ್ದೆ ಜಾಗ ಖಾಲಿ ಮಾಡ್ತಾರೆ.”

ಎದುರಿಗೆ ಕೂತ ಮೀನು ತುತ್ತು ಮರೆತು ಕೇಳುತ್ತಿದ್ದ. ನಾನು ಡಬ್ಬಿ ಮುಚ್ಚಿ ಎದ್ದೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಒಂದು ದಿನ ದೋಣಿ ಕಟ್ಟುವ ಧಕ್ಕೆಯ ಮೇಲೆ ಜಾಡಿಗಾಗಿ ಕಾಯುತ್ತಿದ್ದಾಗ ದೋಣಿಯಿಂದ ಅವನ ಕೂಗು ಕೇಳಿಸಿತು. “ಏಯ್, ಹಗ್ಗ ಹಿಡ್ಕೋ.” ಹೊಸ ಮೇಡಂ ನಗುತ್ತಾ ಹಿಡಿದಳು. ಎರಡೇ ವಾರದಲ್ಲಿ ಅವಳಿಗೆ ನೀನು. ಎರಡು ವರ್ಷವಾದರೂ ನನಗೆ ನೀವು.

ಆ ಮಂಗಳವಾರ ಸಂಜೆ ಮನೆಯಲ್ಲಿ ಅಕ್ಕನಿಗೆ ಹೇಳಿದೆ. ಪಾತ್ರೆ ತಿಕ್ಕುತ್ತಿದ್ದ ಅಕ್ಕ ಕೈಯ ಸ್ಪಂಜನ್ನು ಎತ್ತಿ ಹಿಡಿದಳು. “ಇದಕ್ಕೋಸ್ಕರ ಅಷ್ಟೆಲ್ಲ ಓದಿದ್ದಾ ನೀನು?”

“ಅದು ಬೇರೆ, ಇದು ಬೇರೆ. ನಗಬೇಡ. ರಿಪೋರ್ಟ್ ಬರೀತೀನಿ. ಅವಳನ್ನ ದೋಣಿ ಹತ್ತಿಸಬಾರದು ಅಂತ.”

“ಸೆಂಟ್ ಅವಳದ್ದೇ ಅಂತ ನಿಂಗೆ ಹೇಗೆ ಗೊತ್ತು? ಹತ್ತಿರ ಹೋಗಿ ಮೂಸಿದ್ಯಾ?”

“ಮತ್ತಿನ್ಯಾರದ್ದು?”

“ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ,” ಎಂದು ಅಕ್ಕ ನಲ್ಲಿ ತಿರುಗಿಸಿದಳು. “ಕಳಿಸೋಕೆ ಮುಂಚೆ ಅವಳನ್ನ ಒಂದು ಮಾತು ಕೇಳು. ಪಾಪ, ಯಾರ ಮಗಳೋ.”

ಆದರೂ ಬರೆದೆ. ‘ಅತಿಥಿ ಸಂಶೋಧಕಿಯ ಸುಗಂಧದಿಂದ ಮೂರು ಬಾರಿಯ ಮಾದರಿಗಳು ಕೆಟ್ಟಿರುವ ಸಂಭವವಿದೆ.’ ಶುಕ್ರವಾರ ಲ್ಯಾಬಿನ ಮುಖ್ಯಸ್ಥರಾದ ಸರ್ ಕೈಗೆ ಕೊಡಬೇಕು. ಎಷ್ಟು ಅಚ್ಚುಕಟ್ಟಾದ ವಾಕ್ಯ. ಹೊಟ್ಟೆಕಿಚ್ಚಿಗೆ ಇಷ್ಟು ಒಳ್ಳೆಯ ವ್ಯಾಕರಣ ಬರುತ್ತದೆಂದು ಗೊತ್ತಿರಲಿಲ್ಲ.

ಬುಧವಾರ ಆ ಹಾಳೆ ಹಿಡಿದು ಅವಳ ಕೋಣೆಗೆ ಹೋದೆ. ಹೊಸ ಮೇಡಂ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, ಓದಿ, ಸಿಟ್ಟಾಗಲಿಲ್ಲ. ಅದೇ ನನಗೆ ಮೊದಲ ಪೆಟ್ಟು.

“ಖಾಲಿ ಜಾಡಿಲಿ ಸಿಕ್ಕಿದೆ, ಸರಿ. ಉಳಿದ ಹತ್ತರಲ್ಲಿ?”

ನಾನು ನೋಡಿರಲಿಲ್ಲ. ಮೂರು ಸಲದ ಮೂವತ್ತು ಜಾಡಿಯ ಲೆಕ್ಕ ಫೈಲಿನಲ್ಲೇ ಇತ್ತು. ನಾನು ಓದಿದ್ದು ನನಗೆ ಬೇಕಾದ ಒಂದೇ ಗೆರೆ.

ಅವಳ ಕಂಪ್ಯೂಟರಿನಲ್ಲೇ ತೆಗೆದು ನೋಡಿದೆವು. ಬಂದರಿನ ಹತ್ತಿರದ ಸ್ಪಂಜುಗಳಲ್ಲಿ ಕಸ್ತೂರಿ ಎಂದಿನಷ್ಟೇ. ದೂರದ ಬಂಡೆಯವುಗಳಲ್ಲಿ ಸೊನ್ನೆ. ಅಂದರೆ ಹತ್ತೂ ಜಾಡಿ ಮುಚ್ಚಿದ ಮೇಲೆ, ಹನ್ನೊಂದನೆಯದನ್ನು ಮುಚ್ಚುವ ಮುಂಚೆ, ಆ ಪರಿಮಳ ಬಂದಿದೆ.

“ನಂಗೆ ಸೆಂಟ್ ಅಂದ್ರೆ ಸೀನು,” ಎಂದಳು. “ಅದಕ್ಕೇ ವಾಪಸ್ ಬರೋವಾಗ ಇಂಜಿನ್ ಕಡೆ ಹೋಗಿ ಕೂತ್ಕೋತೀನಿ. ದಡ ಕಾಣಿಸ್ತಿದ್ದ ಹಾಗೆ ನಿಮ್ಮ ಮೀನು ಬ್ಯಾಗಿಂದ ಬಾಟ್ಲಿ ತೆಗೀತಾನೆ. ಕತ್ತಿಗೆರಡು, ಮಣಿಕಟ್ಟಿಗೆರಡು. ಆಮೇಲೆ ಕೂದಲು ಬಾಚ್ಕೊಂಡು ಖಾಲಿ ಜಾಡಿ ಮುಚ್ತಾನೆ. ಈ ವಯಸ್ಸಲ್ಲಿ ಯಾರಿಗಪ್ಪಾ ಇಷ್ಟು ಶೃಂಗಾರ ಅಂತ ನಾನೂ ಕೇಳಿದೆ.”

“ಏನಂದ್ರು?”

“ದಡದಲ್ಲಿ ಕೆಲಸ ಇದೆ ಅಂದ.”

ಅವಳೇ ಹಾಳೆಯನ್ನು ನಾಲ್ಕಾಗಿ ಮಡಿಸಿ ನನ್ನ ಕೈಗಿಟ್ಟಳು. “ಇದನ್ನ ನಾನು ನೋಡಿಲ್ಲ. ಹೋಗಿ.”

ಹಾಗಾದರೆ ಅವಳಲ್ಲ. ದಡದಲ್ಲಿ ಇನ್ಯಾರೋ. ಹಳೆಯ ಉರಿ ಆರುವ ಮುಂಚೆ ಹೊಸದು ಹತ್ತಿಕೊಂಡಿತು. ಈ ಸಲದವಳಿಗೆ ಮುಖವೂ ಇರಲಿಲ್ಲ.

ಗುರುವಾರ ಮೀನು, ತೊಳೆದಿಟ್ಟ ಜಾಡಿಗಳನ್ನು ಒಯ್ಯಲು ಬಂದ. ನಾನು ಗೆರೆಯನ್ನು ತೋರಿಸಿದೆ. “ನಿಯಮ ಗೊತ್ತಲ್ವಾ ನಿಮಗೆ?”

ಅವನು ಪರದೆಯನ್ನೇ ನೋಡುತ್ತಾ ನಿಂತ. ಕಿವಿ ಕೆಂಪಾಯಿತು. “ಹತ್ತೂ ಮುಚ್ಚಿದ ಮೇಲೇನೇ ಹಾಕ್ಕೊಂಡಿದ್ದು. ಅದೊಂದು ಮರ್ತೇಹೋಯ್ತು. ಖಾಲಿ ಅಲ್ವಾ ಅದು.”

“ಯಾರನ್ನ ನೋಡೋಕೆ ಹೋಗ್ತೀರಿ?” ಕೇಳಬಾರದಿತ್ತು. ಕೇಳಿಯಾಗಿತ್ತು.

“ಹೊಸ ಫ್ರಿಜ್ ಬಂದ ದಿನ ನೀವೇ ಅಂದ್ರಲ್ಲ. ‘ನೀವು ಬಂದ್ರೆ ಲ್ಯಾಬಿಗೆ ಲಾರಿ ನುಗ್ಗಿದ ಹಾಗಿರುತ್ತೆ, ಅಷ್ಟು ಡೀಸೆಲ್ ವಾಸನೆ’ ಅಂತ.”

ಅಂದಿದ್ದೆ. ನಗಿಸಲೆಂದು ಅಂದಿದ್ದೆ.

“ಮೂರು ಸಲ ಹಾಕ್ಕೊಂಡು ಬಂದೆ. ಮೂರು ಸಲಾನೂ ನೀವು ಮಾಸ್ಕ್ ಹಾಕ್ಕೊಂಡೇ ಜಾಡಿ ತಗೊಂಡ್ರಿ.”

ಹುಡುಕುತ್ತಿದ್ದ ಕಳ್ಳಿ ನಾನೇ. ನನ್ನ ಮೇಲೆ ನಾನೇ ಮೂರು ದಿನ ಉರಿದಿದ್ದೆ.

“ಮತ್ತೆ ಅವಳಿಗೆ ಮಾತ್ರ ನೀನು ಅಂತೀರಿ,” ಎಂದೆ. ಉಳಿದಿದ್ದ ಕಡೆಯ ಕಿಡಿ ಅದು.

“ದೋಣಿ ಮೇಲೆ ಎಲ್ರಿಗೂ ನೀನೇ. ‘ಹಗ್ಗ ಹಿಡ್ಕೊಳ್ಳಿ’ ಅನ್ನೋಷ್ಟರಲ್ಲಿ ಒಬ್ರು ನೀರಿಗೆ ಬಿದ್ದಿರ್ತಾರೆ.” ಮೊದಲ ಸಲ ನನ್ನ ಕಣ್ಣನ್ನೇ ನೋಡಿದ. “ನಿಮ್ಮ ಹತ್ರ ನಂಗೆ ಅವಸರ ಇರ್ಲಿಲ್ಲ.”

ನಾನು ಗ್ಲೌಸು ಕಳಚಿ ಮೇಜಿನ ಮೇಲಿಟ್ಟೆ. ಮಾಸ್ಕನ್ನೂ ಕಳಚಿದೆ.

“ರಿಪೋರ್ಟಲ್ಲಿ ನನ್ನ ಹೆಸರೇ ಬರೀರಿ,” ಎಂದ. “ಕೆಲಸ ಹೋದ್ರೂ ಪರವಾಗಿಲ್ಲ. ಸುಳ್ಳು ಬರೀಬೇಡಿ.”

ಬರೆದೆ. ಪರಿಮಳದ ಮೂಲ: ಮುಳುಗುಗಾರ. ಕಾರಣ: ವಿಶ್ಲೇಷಕಿ ಆಡಿದ ಮಾತು. ಸರ್ ಎರಡು ಸಲ ಓದಿ ಕನ್ನಡಕ ತೆಗೆದರು. “ಕಾರಣ ಅನ್ನೋ ಜಾಗದಲ್ಲಿ ಇದೇನಮ್ಮಾ?” ಎಂದರು. “ನಿಜ ಸರ್,” ಎಂದೆ. ಹತ್ತು ಜಾಡಿ ಚೊಕ್ಕಟವಾಗಿದ್ದವಲ್ಲ, ಅವನ ಕೆಲಸ ಉಳಿಯಿತು. ಅವನಿಗೆ ಒಂದು ಎಚ್ಚರಿಕೆಯ ಪತ್ರ ಸಿಕ್ಕಿತು, ನನಗೆ ಹೊಸ ಮೇಡಂ ಕಡೆಯಿಂದ ಒಂದು ಕೀಟಲೆಯ ಕೆಮ್ಮು.

ಮುಂದಿನ ಸಲ ಅವನು ಬಂದಾಗ ಬಾಗಿಲಿನಾಚೆಯಿಂದಲೇ ಡೀಸೆಲ್ ವಾಸನೆ ಬಂತು. ಮಾಸ್ಕಿಲ್ಲದೆ ಎದುರು ಹೋಗಿ, ಜಾಡಿ ತೆಗೆದುಕೊಳ್ಳಲು ಬೇಕಾದದ್ದಕ್ಕಿಂತ ಒಂದು ಹೆಜ್ಜೆ ಹತ್ತಿರ ನಿಂತೆ. ಅವನು ಹನ್ನೊಂದನೆಯ ಜಾಡಿಯನ್ನು ನನ್ನ ಅಂಗೈಗಿಟ್ಟ.

ಎಂದಿನಂತೆ ಅದರ ಚೀಟಿಯಲ್ಲಿ ಪೆನ್ಸಿಲಿನಿಂದ ‘ಖಾಲಿ’ ಎಂದಿತ್ತು. ಅದರ ಕೆಳಗೆ, ಸಣ್ಣದಾಗಿ, ಇನ್ನೊಂದು ಮಾತು.

‘ಮೂಸಿ ನೋಡ್ಕೋ.’