ಕಿನುಯೊ ಬರೆದ ಚಳಿಗಾಲದ ಬೋರ್ಡು

ನಿಶಿಯೋರಿ ಕೂಗಾಡಲಿಲ್ಲ. ಮಹಡಿಯಿಂದ ಮೆಟ್ಟಿಲಿಳಿದು ಬಂದು ಆ ಗೇಮಿಂಗ್ ಮಷೀನನ್ನು ನನ್ನ ಕೌಂಟರ್ ಮೇಲಿಟ್ಟರು. ಪರದೆಯ ಮೇಲೆ ಎರಡೇ ಪದ ಇದ್ದವು: ‘ಹೊಸ ಆಟ’.

“ವಕುರಾ ಅವರೇ, ಕಿನುಯೊ ತೋಟ ಇಲ್ಲ. ಯಾರೋ ಅಳಿಸಿಬಿಟ್ಟಿದಾರೆ.”

ಕಿನುಯೊ ಎಂದರೆ ನಿಶಿಯೋರಿಯ ಹೆಂಡತಿ. ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಎರಡು ಕೈಯಲ್ಲಿ ಹಿಡಿದು ಆಡುವ ಆ ಪುಟ್ಟ ಕಂಪ್ಯೂಟರನ್ನು ಅವರಿಗೆ ಮಾರಿದ್ದು ನಾನೇ, ಇದೇ ಕೌಂಟರಿನಲ್ಲಿ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿ ಅದರಲ್ಲಿ ಬೇಸಾಯದ ಆಟ ಆಡುತ್ತಿದ್ದರು. ಸಾವಿರದ ನಾನೂರು ಗಂಟೆ ಆಡಿದ್ದರು. ಕೊನೆಗೆ ತೋಟದಲ್ಲಿ ನಾಲ್ಕು ಬೋರ್ಡು ನೆಟ್ಟು ಗಂಡನಿಗೆ ನಾಲ್ಕು ಮಾತು ಬರೆದಿಟ್ಟರು. ಋತುವಿಗೊಂದೇ ಓದಬೇಕು ಎಂದು ಆಣೆ ಹಾಕಿಸಿಕೊಂಡಿದ್ದರು. ವಸಂತದ್ದು, ಬೇಸಿಗೆಯದು, ಶರತ್ಕಾಲದ್ದು ಓದಿ ಆಗಿತ್ತು. ಚಳಿಗಾಲದ್ದನ್ನು ಓದಬೇಕಿದ್ದು ಡಿಸೆಂಬರ್ ಒಂದಕ್ಕೆ. ಅಂದರೆ ನಾಳೆ.

ಆ ಮಷೀನು ಯಾವತ್ತೂ ಇಂಟರ್‌ನೆಟ್ಟಿಗೆ ಸೇರಿದ್ದಲ್ಲ. ತೋಟದ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಕಿನುಯೊ ತಾವು ಉಪ್ಪು ಮುಟ್ಟುವಂತಿರಲಿಲ್ಲ. ಆದರೂ ಪ್ರತಿ ಚಳಿಗಾಲ ಮೂಲಂಗಿ ಉಪ್ಪಿನಕಾಯಿ ಹಾಕಿ ನನಗೊಂದು ಡಬ್ಬಿ ತಂದುಕೊಡುತ್ತಿದ್ದರು. ಈ ಕೆಲಸ ಯಾರು ಮಾಡಿದ್ದರೂ ಸರಿ, ಸುಮ್ಮನೆ ಬಿಡುವ ಹೆಂಗಸು ನಾನಲ್ಲ.

* * *

ನಿಪ್ಪೊನ್‌ಬಾಶಿ ಪೇಟೆಯಲ್ಲಿರುವ ನಮ್ಮದು ಹಳೇ ಗೇಮ್ ಸಾಮಾನು ಕೊಳ್ಳುವ, ಮಾರುವ ಅಂಗಡಿ. ತಿಂಗಳ ಕೊನೆಯ ಶನಿವಾರ ಮಹಡಿಯಲ್ಲಿ ಕೂಟ ಸೇರುತ್ತದೆ. ಜನ ತಮ್ಮ ತಮ್ಮ ಮಷೀನು ತರುತ್ತಾರೆ, ಒಬ್ಬರದನ್ನು ಒಬ್ಬರು ಹಿಡಿದು ನೋಡುತ್ತಾರೆ. ಕಿನುಯೊ ಅವರದನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನಿಶಿಯೋರಿ ಅದನ್ನು ತಂದು ಚಾರ್ಜಿಗೆ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು, ಅಷ್ಟೆ.

ಇವತ್ತು ಹನ್ನೆರಡೂವರೆಗೆ ಅವರು ಅದನ್ನು ಚಾರ್ಜಿನಲ್ಲೇ ಬಿಟ್ಟು ಉಡೋನ್ ನೂಡಲ್ಸ್ ತಿನ್ನಲು ಹೋದರು. ಉಳಿದವರಲ್ಲಿ ಹೆಚ್ಚಿನವರೂ ಊಟಕ್ಕೆ ಇಳಿದರು. ಮೆಟ್ಟಿಲು ನನ್ನ ಕಣ್ಣೆದುರೇ ಇದೆ. ಮೇಲೆ ಉಳಿದವರು ಮೂವರೇ, ಮತ್ತು ಆ ಮೂವರಿಗೂ ನಿಶಿಯೋರಿಯನ್ನು ಕಂಡರೆ ಉರಿಯಲು ಕಾರಣ ಇತ್ತು.

ಇಬ್ಬರಿಗೆ ಆ ಕಾರಣ, ಅವರು ಪತ್ರಿಕೆಗೆ ಬರೆಯುವ ಅಂಕಣ. ‘ಇದು ಯಾರಿಗೆ?’ ಎಂದು ಅದರ ಹೆಸರು. ರೈಲಿನಲ್ಲಿ ನಿಂತು ಆಡುವವನಿಗೆ ಯಾವ ಮಷೀನು, ಹಾಸಿಗೆಯಲ್ಲಿ ಬಿದ್ದುಕೊಂಡು ಆಡುವವನಿಗೆ ಯಾವುದು, ಯಾರು ಇದರ ತಂಟೆಗೇ ಹೋಗಬಾರದು ಎಂದು ಇಪ್ಪತ್ತು ವರ್ಷದಿಂದ ತೀರ್ಪು ಕೊಡುತ್ತಿದ್ದರು. ಬರೆದದ್ದು ನಿಜವೇ ಇರುತ್ತಿತ್ತು. ಆದರೆ ಕೈಯಲ್ಲಿ ಪೆನ್ನು ಇದ್ದಾಗ ಅವರಿಗೆ ಕನಿಕರ ಇರುತ್ತಿರಲಿಲ್ಲ.

ಮೊದಲನೆಯವನು ಮಕಾಬೆ. ಹೊಡೆದಾಟದ ಆಟಗಳ ಪಂದ್ಯ ಆಡುವ ಹುಡುಗ. ಇಂಥವರು ಕೈಯಲ್ಲಿ ಹಿಡಿಯುವ ಮಷೀನು ಕೊಳ್ಳುವುದು ಸ್ನಾನದ ತೊಟ್ಟಿಯಲ್ಲಿ ಈಜು ಕಲಿತ ಹಾಗೆ ಎಂದು ನಿಶಿಯೋರಿ ಬರೆದಿದ್ದರು. ಅಂಥ ಮಷೀನು ಮಾರುತ್ತಾ ಅವನ ಪಂದ್ಯಕ್ಕೆ ಹಣ ಹಾಕುತ್ತಿದ್ದ ಕಂಪನಿ ಅದನ್ನು ಓದಿ ಅವನನ್ನು ಕೈಬಿಟ್ಟಿತ್ತು.

“ಅಕ್ಕಾ, ನನಗೆ ಕೋಪ ಇದ್ರೆ ಅವರ ಮೂತಿಗೆ ಗುದ್ತೀನಿ. ಸತ್ತೋರ ತೋಟಕ್ಕೆ ಯಾಕೆ ಹೋಗ್ಲಿ?” ಎಂದ.

ಎರಡನೆಯವರು ಚಿಜುರು, ಕಿನುಯೊ ಅವರ ತಂಗಿ. ಅಕ್ಕನ ಹಳೆಯ ಶಾಲು ಕೊಟ್ಟುಹೋಗಲು ಬಂದು ಭಾವನಿಗಾಗಿ ಮೇಲೆ ಕಾಯುತ್ತಿದ್ದರು. ಅಕ್ಕನ ಕೊನೆಯ ವಾರ ಭಾವ ಟೋಕಿಯೋದ ಗೇಮ್ ಮೇಳದಲ್ಲಿದ್ದದ್ದನ್ನು ಅವರು ಮರೆತಿರಲಿಲ್ಲ. ತೋಟ ಹೋಯಿತೆಂದು ಕೇಳಿ, ಒಳ್ಳೆಯದೇ ಆಯಿತು, ಆದರೆ ನಾನು ಮುಟ್ಟಿಲ್ಲ ಎಂದರು.

ಮೂರನೆಯವರು ಕಾಜಿತಾನಿ, ನಮ್ಮ ಅಂಗಡಿಯ ರಿಪೇರಿಯವರು. ಹಿಂದೆ ‘ಮಿನಾಮೊ’ ಎಂಬ ಮಷೀನು ತಯಾರಿಸಿದ್ದರು. ಎಲ್ಲ ಮಷೀನಿನಲ್ಲೂ ‘ಸರಿ’ ಎನ್ನುವ ಬಟನ್ ಮುಂದೆ, ಹೆಬ್ಬೆರಳಿನ ಕೆಳಗೆ ಇರುತ್ತದೆ. ಮಿನಾಮೊದಲ್ಲಿ ಅದು ಹಿಂಬದಿಯಲ್ಲಿ, ಬಲಗೈಯ ಉಂಗುರ ಬೆರಳಿಗೆ ಸಿಗುವಂತೆ ಇತ್ತು. ‘ಇದು ಯಾರಿಗೆ? ಆರು ಬೆರಳು ಇರುವವರಿಗೆ’ ಎಂದು ನಿಶಿಯೋರಿ ಒಂದೇ ಸಾಲು ಬರೆದರು. ಊರೆಲ್ಲ ನಕ್ಕಿತು. ಆರು ತಿಂಗಳಲ್ಲಿ ಕಾಜಿತಾನಿ ಬಾಗಿಲು ಹಾಕಿದರು. ಈಗ ಆ ಮಾತನ್ನು ಹೇಳಿಕೊಂಡು ಅವರೇ ಮೊದಲು ನಗುತ್ತಿದ್ದರು. ಮೂರು ವರ್ಷದಿಂದ ಶುಕ್ರವಾರ ಸಂಜೆ ಇಬ್ಬರೂ ಒಟ್ಟಿಗೆ ಕುಡಿಯಲು ಹೋಗುತ್ತಿದ್ದರು. ಹಾಗಾಗಿ ಮಷೀನನ್ನು ಬಿಚ್ಚಿ ನೋಡಲು ನಾವು ಕೊಟ್ಟದ್ದೂ ಅವರ ಕೈಗೇ.

ಅರ್ಧ ಗಂಟೆ ನೋಡಿ ತಲೆ ಅಲ್ಲಾಡಿಸಿದರು. “ಏನೂ ಉಳಿದಿಲ್ಲ ನಿಶಿಯೋರಿಯವರೇ. ಪೂರ್ತಿ ಹೋಗಿದೆ.”

ನಿಶಿಯೋರಿ ಅವರ ಹೆಗಲ ಮೇಲೆ ಕೈಯಿಟ್ಟು ಥ್ಯಾಂಕ್ಸ್ ಹೇಳಿದರು.

* * *

ಹಳೇ ಮಷೀನು ಕೊಳ್ಳುವಾಗ ನಾನು ಮೊದಲು ನೋಡುವುದು ಫೋಟೋಗಳನ್ನು. ಮಾರುವವರು ಆಟ ಅಳಿಸುತ್ತಾರೆ, ಪಾಸ್‌ವರ್ಡ್ ಅಳಿಸುತ್ತಾರೆ. ಆಡುವಾಗ ತೆಗೆದ ಪರದೆಯ ಫೋಟೋಗಳನ್ನು ಮರೆಯುತ್ತಾರೆ. ಹದಿನೆಂಟು ವರ್ಷದ ಅಭ್ಯಾಸ. ಇದರಲ್ಲೂ ಸುಮ್ಮನೆ ತೆಗೆದು ನೋಡಿದೆ.

ಮೂರು ಸಾವಿರ ಫೋಟೋ ಇದ್ದವು. ಮೂಲಂಗಿ, ಕೋಳಿ, ನಾಯಿ, ಮತ್ತೆ ಮೂಲಂಗಿ. ಕೊನೆಯ ಏಳು ಮಾತ್ರ ಇವತ್ತಿನವು. ಸಮಯ ಹನ್ನೆರಡು ನಲವತ್ತೊಂದರಿಂದ ನಲವತ್ತನಾಲ್ಕು.

ಕಳ್ಳತನ ಮಾಡುವವನು ತನ್ನ ಕಳ್ಳತನದ ಫೋಟೋ ತೆಗೆಯುತ್ತಾನೆಯೇ? ಗೊತ್ತಿಲ್ಲದೆ ತೆಗೆದಿರಬೇಕು. ಮಷೀನು ತಿರುಗಿಸಿದೆ. ಹಿಂಬದಿಯ ಬಲಗಡೆ ಎರಡು ಬಟನ್ ಇವೆ. ಡಯಾಲಿಸಿಸ್ ಸೂಜಿ ಚುಚ್ಚಿದ ಎಡಗೈ ಅಲ್ಲಾಡಿಸುವಂತಿಲ್ಲ ಎಂದು ಕಿನುಯೊ ಎಲ್ಲವನ್ನೂ ಬಲಗೈಗೆ ಹೊಂದಿಸಿಕೊಂಡಿದ್ದರು. ಕೆಳಗಿನ ಬಟನ್ ಫೋಟೋಗೆ. ಪಕ್ಕದ ಹಾಸಿಗೆಯವರಿಗೆ ತೊಂದರೆ ಆಗಬಾರದೆಂದು ಅದರ ಸದ್ದು, ಮಿಂಚು ಎರಡನ್ನೂ ತೆಗೆಸಿದ್ದರು. ತೆಗೆದುಕೊಟ್ಟವಳು ನಾನೇ.

ಆರನೆಯ ಫೋಟೋ ಚಳಿಗಾಲದ ಬೋರ್ಡು. ನಾನು ಓದಲಿಲ್ಲ. ಅದು ನನಗೆ ಬರೆದದ್ದಲ್ಲ.

* * *

ಮೂವರನ್ನೂ ಕೌಂಟರಿಗೆ ಕರೆದೆ. ಅಂಗಡಿಯಲ್ಲಿದ್ದ ಅಂಥದೇ ಬೇರೊಂದು ಮಷೀನು ಕೊಟ್ಟು, ಒಂದು ಆಟ ತೆರೆದು ‘ಸರಿ’ ಒತ್ತಿ ಎಂದೆ. ನಿಶಿಯೋರಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು.

ಚಿಜುರು ಅದನ್ನು ಚಹಾದ ತಟ್ಟೆಯ ಹಾಗೆ ಅಂಗೈ ಮೇಲೆ ಹೊತ್ತು, ಎಲ್ಲಿ ಒತ್ತುವುದು ಎಂದು ಕೇಳಿದರು. ಮಕಾಬೆ ಅದನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಮೇಲಿನಿಂದ ಬೆರಳಾಡಿಸಿದ. ಪಂದ್ಯದ ಹುಡುಗರೆಲ್ಲ ಹಾಗೇ ಆಡುವುದು. ಅವನ ಬೆರಳು ಹಿಂಬದಿಗೆ ಹೋಗುವ ಮಾತೇ ಇಲ್ಲ.

ಕಾಜಿತಾನಿ ಎತ್ತಿಕೊಂಡರು. ಅವರ ಉಂಗುರ ಬೆರಳು ಹಿಂದೆ ಹೋಗಿ ಕೆಳಗಿನ ಬಟನ್ ಒತ್ತಿತು. ಏನೂ ಆಗಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಮುಂದಿನದನ್ನು ಒತ್ತಿದರು. ಮುಂದಿನ ಪುಟ ಬಂತು. ಮತ್ತೆ ಮೊದಲು ಉಂಗುರ ಬೆರಳು.

“ಇವತ್ತಿಗೂ ಮನೇಲಿ ಮಿನಾಮೊದಲ್ಲೇ ಆಡ್ತೀರಲ್ಲಾ?” ಎಂದೆ.

ಅವರ ಕೈ ನಿಂತಿತು.

ಏಳು ಫೋಟೋಗಳ ವಿಷಯ ಬಿಡಿಸಿ ಹೇಳಿದೆ. ಪ್ರತಿ ಸಲ ‘ಸರಿ’ ಎನ್ನಲು ಹೋದಾಗಲೂ ಅವರ ಬೆರಳು ಮೊದಲು ಹಿಂದಕ್ಕೆ ಹೋಗಿದೆ, ಪ್ರತಿ ಸಲವೂ ಮಷೀನು ಸದ್ದಿಲ್ಲದೆ ಫೋಟೋ ತೆಗೆದಿದೆ. ಏಳನೆಯದರಲ್ಲಿ ‘ಅಳಿಸಲೇ?’ ಎಂದು ಕೇಳುತ್ತಿರುವ ಪರದೆ ಇದೆ. ಹೀಗೆ ಒತ್ತುವ ಕೈ ಈ ಅಂಗಡಿಯಲ್ಲಿ ಒಂದೇ ಎಂದೆ. ಅವರ ಮುಖ ಬಿಳಿಚುವುದನ್ನು ನೋಡಿ ನನಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಮಷೀನನ್ನು ನಿಶಿಯೋರಿ ಕಡೆ ತಿರುಗಿಸಿದೆ. ಒಂದು ದಿನ ಮುಂಚೆಯಾದರೂ ಓದಿ ಎಂದೆ. ಅವರು ಗಟ್ಟಿಯಾಗಿ ಓದಿದರು.

“ಚಳಿಗಾಲ ಬಂತು. ಈ ತೋಟವನ್ನೆಲ್ಲ ಹಿಂದಿನ ಬಟನ್‌ಗಳಿಂದಲೇ ಮಾಡಿದೆ. ಆರು ಬೆರಳು ಬೇಕಾಗಲಿಲ್ಲ, ಒಂದೇ ಕೈ ಸಾಕಾಯಿತು. ಆ ಮಷೀನು ಯಾರಿಗೆ ಅಂತ ಕೇಳಿದಿರಲ್ಲ, ನನ್ನಂಥವರಿಗೆ. ಕಾಜಿತಾನಿಯವರಿಗೆ ತಲೆಬಾಗಿ ಕ್ಷಮೆ ಕೇಳಿ. ನೀವಾಗಿ ಕೇಳುವವರಲ್ಲ, ಅದಕ್ಕೇ ಬರೆದೆ.”



“ಇದನ್ನ ಓದಿದ ಮೇಲೂ ಅಳಿಸಿದ್ರಾ?” ಮಕಾಬೆ ಕೇಳಿದ.

“ಓದಿದ್ದಕ್ಕೇ ಅಳಿಸಿದೆ,” ಎಂದರು ಕಾಜಿತಾನಿ. ಅವರ ದನಿ ತಣ್ಣಗಿತ್ತು. “ಇವನು ಏನು ಕಳ್ಕೊಳ್ತಾನೆ ಅಂತ ನೋಡೋಣ ಅಂತ ಆಟ ತೆರೆದೆ. ಮೂರು ವರ್ಷ ಪ್ರತಿ ಶುಕ್ರವಾರ ಇವನ ಎದುರು ಕೂತು ಕುಡಿದಿದೀನಿ. ಇವತ್ತು ಕೇಳ್ತಾನೆ, ಮುಂದಿನ ವಾರ ಕೇಳ್ತಾನೆ ಅಂತ ಕಾದೆ. ಒಂದು ಸಲ ಬಾಯಿ ಬಿಡಲಿಲ್ಲ. ಈಗ ಹೆಂಡ್ತಿ ಹೇಳಿದ್ಲು ಅಂತ ಬಂದು ಬಗ್ಗಿ, ಹಗುರಾಗಿ ಮನೆಗೆ ಹೋಗ್ತಾನೆ. ಆ ನೆಮ್ಮದಿ ಇವನಿಗೆ ಸಿಗಬಾರದು ಅನ್ನಿಸ್ತು.”

ನಿಶಿಯೋರಿ ಸ್ಟೂಲಿನಿಂದ ಎದ್ದರು. ಕಾಜಿತಾನಿಯ ಎದುರು ನಿಂತು, ಕೈಗಳನ್ನು ತೊಡೆಗೆ ಒತ್ತಿ, ಸೊಂಟದಿಂದ ಪೂರ್ತಿ ಬಗ್ಗಿದರು. ತಪ್ಪಾಯಿತು ಎಂದರು. ಹಾಗೇ ಬಗ್ಗಿಯೇ ನಿಂತರು.

“ಬೇಡ, ಏಳಿ,” ಎಂದರು ಕಾಜಿತಾನಿ. ಅವರ ದನಿ ಒಡೆದಿತ್ತು. “ನನಗೆ ಹೀಗೆ ಬೇಡ. ಏಳಿ ಅಂದೆನಲ್ಲಾ.”

ಏಳಲಿಲ್ಲ. ಕಾಜಿತಾನಿ ಮುಖ ಮುಚ್ಚಿಕೊಂಡು ಕುಸಿದು ಕೂತ ಮೇಲೆಯೇ ನಿಶಿಯೋರಿ ನೆಟ್ಟಗಾದರು. ಅವರ ಕಣ್ಣಲ್ಲಿ ನೀರಿರಲಿಲ್ಲ.

“ಅದು ಅವಳು ಹೇಳಿದ್ದು, ಮಾಡಿದೆ,” ಎಂದರು. “ಇನ್ನು ನಾನು ಹೇಳೋದು. ವಕುರಾ ಅವರೇ, ಪೊಲೀಸರಿಗೆ ಫೋನ್ ಮಾಡಿ.”

ನಾನು ಆಗಲೇ ಫೋನ್ ಎತ್ತಿಕೊಂಡಿದ್ದೆ.